ಬೆಂಕಿ ಹೊತ್ತಿಸುವುದು ಇರಲಿ, ಕೆಂಡ ಉಳಿಸುತ್ತೀರಾ?

ತುರುವೇಕೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಊರಲ್ಲಿ ಎರಡು ಎಕರೆ. ಕರೆಂಟು, ಡೀಸೆಲ್, ಬ್ಯಾಂಕು, ಫೋನು ಎಲ್ಲಾ ಒಟ್ಟಿಗೆ ನಿಂತುಹೋದರೆ ಬದುಕನ್ನು ಮತ್ತೆ ಕಟ್ಟಿಕೊಳ್ಳಲು ಯಾವ ಹತ್ತು ಕೆಲಸ ಗೊತ್ತಿರಬೇಕು, ಪಟ್ಟಿ ಕೊಡಿ ಎಂದು ಕೇಳಿದ್ದಾರೆ. ಈಗಾಗಲೇ ಸೋಲಾರ್ ಹಾಕಿಸಿದ್ದಾರೆ. ಎರಡು ಕ್ವಿಂಟಾಲ್ ಅಕ್ಕಿ ತುಂಬಿಸಿದ್ದಾರೆ. ಫಾಯಿಲ್ ಪ್ಯಾಕೆಟ್ಟಿನಲ್ಲಿ ತರಕಾರಿ ಬೀಜ ತರಿಸಿದ್ದಾರೆ. ವಿಡಿಯೋ ನೋಡಿ ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ಮಾಡುವುದನ್ನು ಕಲಿಯುತ್ತಿದ್ದಾರೆ. ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ತೋಡಿಸುವ ಯೋಚನೆಯೂ ಇದೆಯಂತೆ.

ನಿಮ್ಮ ಪತ್ರ ಓದಿ ನಗು ಬರಲಿಲ್ಲ. ಮನೆಯವರು ತಮಾಷೆ ಮಾಡುತ್ತಾರೆ ಎಂದು ಬರೆದಿದ್ದೀರಿ, ಮಾಡಲಿ ಬಿಡಿ. ಆದರೆ ಪಟ್ಟಿ ಕೊಡುವುದಿಲ್ಲ.

ಬೆಂಕಿಯಿಂದಲೇ ಶುರು ಮಾಡೋಣ. ನಮ್ಮಜ್ಜಿ ಕಡ್ಡಿ ಉಜ್ಜಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಬೆಂಕಿಪೊಟ್ಟಣ ಮನೆಯಲ್ಲಿತ್ತು, ಆದರೂ ದಿನಾ ಗೀರುತ್ತಿರಲಿಲ್ಲ. ರಾತ್ರಿ ಅಡಿಗೆ ಮುಗಿದ ಮೇಲೆ ಒಲೆಯ ದೊಡ್ಡ ಕೆಂಡಗಳನ್ನು ಒಂದು ಮೂಲೆಗೆ ಸರಿಸಿ ಮೇಲೆ ಬೂದಿ ಮುಚ್ಚುತ್ತಿದ್ದಳು. ಬೂದಿ ತೆಳುವಾದರೆ ಕೆಂಡ ಉರಿದು ಖಾಲಿಯಾಗುತ್ತದೆ, ಜಾಸ್ತಿ ಒತ್ತಿದರೆ ಉಸಿರುಕಟ್ಟಿ ಆರುತ್ತದೆ. ಬೆಳಿಗ್ಗೆ ಬೂದಿ ಸರಿಸಿ, ಒಣ ತೆಂಗಿನಗರಿ ಇಟ್ಟು ಊದುಕೊಳವೆಯಲ್ಲಿ ಎರಡು ಸಲ ಊದಿದರೆ ಒಲೆ ಹತ್ತುತ್ತಿತ್ತು. ಎಲ್ಲಾದರೂ ಆರಿತ್ತು ಎಂದರೆ ಬೆರಣಿಯ ತುಂಡು ಹಿಡಿದುಕೊಂಡು ಪಕ್ಕದ ಮನೆಗೆ ನಡೆದಳು. ಅವರ ಒಲೆಯಿಂದ ಬೆರಣಿಯ ತುದಿಗೆ ಕಿಡಿ ಹತ್ತಿಸಿಕೊಂಡು ಬಂದರೆ ಆಯಿತು. ಮುಂದಿನ ವಾರ ಅವರು ಇಲ್ಲಿಗೆ ಬರುತ್ತಿದ್ದರು.

ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಇಷ್ಟೇ. ನೀವು ಕೇಳಿರುವುದೆಲ್ಲಾ ಸೊನ್ನೆಯಿಂದ ಮಾಡುವ ವಿದ್ಯೆಗಳು: ಬೆಂಕಿ ಮಾಡುವುದು, ಕಬ್ಬಿಣ ಕರಗಿಸುವುದು, ಸೋಪು ಮಾಡುವುದು. ಅದಕ್ಕೂ ಮೊದಲು ಬೇಕಾದ್ದು ಇರುವುದನ್ನು ಕೆಡದಂತೆ ಇಟ್ಟುಕೊಳ್ಳುವ ವಿದ್ಯೆ. ಇದು ವಿಡಿಯೋದಲ್ಲಿ ಚೆನ್ನಾಗಿ ಕಾಣಲ್ಲ, ಅದಕ್ಕೇ ಯಾರೂ ತೋರಿಸಲ್ಲ.

ಬೀಜ ನೋಡಿ. ನಿಮ್ಮ ಪ್ಯಾಕೆಟ್‌ಗಳಲ್ಲಿ ಎಷ್ಟು ಹೈಬ್ರಿಡ್ ಇವೆ ಎಂದು ಮೊದಲು ಓದಿ. ಹೈಬ್ರಿಡ್ ಟೊಮೆಟೊ ಮೊದಲ ಸಲ ಚೆನ್ನಾಗಿ ಬರುತ್ತದೆ. ಅದರ ಬೀಜ ತೆಗೆದು ಹಾಕಿದರೆ ಒಂದೊಂದು ಗಿಡ ಒಂದೊಂದು ತರ. ಈರುಳ್ಳಿ ಬೀಜವಂತೂ ನಮ್ಮ ಸೆಕೆಯಲ್ಲಿ ಸುಮ್ನೆ ಇಟ್ಟರೆ ಒಂದೆರಡು ವರ್ಷಕ್ಕೆ ಸತ್ತುಹೋಗುತ್ತದೆ. ರಾಗಿ ಹಾಗಲ್ಲ. ಅದರ ಹೂವು ತನ್ನೊಳಗೇ ಪರಾಗ ಮುಗಿಸಿಕೊಳ್ಳುತ್ತದೆ, ಹಾಗಾಗಿ ಇಟ್ಟ ಬೀಜ ಮುಂದಿನ ವರ್ಷವೂ ಅದೇ ರಾಗಿ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರಲ್ಲ, ಅದನ್ನೂ ರೈತರು ಮನೆಯಲ್ಲೇ ಬೀಜ ಮಾಡಿ ಇಟ್ಟುಕೊಳ್ಳಬಹುದು. ಎರಡು ಎಕರೆಯವರು ಫಾಯಿಲ್ ಪ್ಯಾಕೆಟ್ಟಿಗಿಂತ ಮೊದಲು ಮನೆಗೆ ತರಬೇಕಾದ್ದು ಒಂದು ಸೇರು ರಾಗಿ ಬೀಜ.

ಇಡುವುದು ಸುಲಭ ಅಂದುಕೊಳ್ಳಬೇಡಿ. ನಾನೂ ಒಂದು ವರ್ಷ ಅವರೆ ಬೀಜ ಇಟ್ಟೆ. ಎರಡು ದಿನ ಬಿಸಿಲಿಗೆ ಹರಡಿ, ಸಂಜೆ ಬಿಸಿ ಬಿಸಿಯಾಗಿಯೇ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿ ಮಾಡಿದೆ. ಜೂನ್‌ನಲ್ಲಿ ತೆಗೆದರೆ ಡಬ್ಬದೊಳಗೆಲ್ಲ ಬೆವರು, ಅರ್ಧಕ್ಕೆ ಬೂಸ್ಟು, ಉಳಿದರ್ಧ ಹುಳ ಕೊರೆದು ಹಿಟ್ಟು. ಪಕ್ಕದ ಮನೆಯಾಕೆ ನೋಡಿ, 'ಬಿಸ್ಲು ತೋರ್ಸಿದ್ದೀರಣ್ಣ, ನೆಳ್ಳು ತೋರ್ಸಿಲ್ಲ' ಎಂದಳು. ಒಣಗಿದ ಕಾಳನ್ನು ರಾತ್ರಿಯಿಡೀ ಆರಲು ಬಿಟ್ಟು ಆಮೇಲೆ ತುಂಬಬೇಕು. ಆಕೆ ಕಾಳಿಗೆ ಕೆಮ್ಮಣ್ಣು ಕಲಸಿ ಒಣಗಿಸಿ ಮಡಕೆಗೆ ತುಂಬಿ ಮೇಲೆ ಬೂದಿ ಹಾಕುತ್ತಾಳೆ. ಒಣಗಿದೆಯೋ ಇಲ್ಲವೋ ಎಂದು ಹಲ್ಲಿನಲ್ಲಿ ಕಚ್ಚಿ ನೋಡುತ್ತಾಳೆ. ಟಕ್ ಎಂದು ಒಡೆದರೆ ಸರಿ, ಹಲ್ಲು ಒಳಗೆ ಇಳಿದರೆ ಇನ್ನೊಂದು ದಿನ ಬಿಸಿಲು. ನನ್ನ ಹತ್ತಿರ ಈ ವಿಷಯದ ಮೂರು ಪುಸ್ತಕ ಇದ್ದವು ನೋಡಿ, ಮಾಡಿದ್ದು ಮಾತ್ರ ಹಿಟ್ಟು.

ಇನ್ನು ಹಗೇವು. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಒಳಗೆ ಅಗಲ ಹೊಟ್ಟೆ, ನೀರು ಜಿನುಗದ ದಿಣ್ಣೆಯಲ್ಲಿ ಜಾಗ, ಒಳಗೆ ರಾಗಿ ಹುಲ್ಲು, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಇಷ್ಟು ನಿಮಗೆ ಗೊತ್ತಿದೆ. ಅದರೊಳಗೆ ಹುಳ ಯಾಕೆ ಬದುಕುವುದಿಲ್ಲ ಎಂದು ಯೋಚಿಸಿದ್ದೀರಾ? ಕಾಳೂ ಹುಳವೂ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸಿಬಿಡುತ್ತವೆ, ಅದಕ್ಕೆ. ಹುಳಕ್ಕೆ ಇಲ್ಲದ ಗಾಳಿ ಮನುಷ್ಯನಿಗೂ ಇಲ್ಲ. ಹಗೇವಿಗೆ ಇಳಿದು ಉಸಿರುಕಟ್ಟಿ ಸತ್ತವರಿದ್ದಾರೆ, ಅವರನ್ನು ಎತ್ತಲು ಹೋದವರೂ ಸತ್ತಿದ್ದಾರೆ. ಹಳಬರು ಬಾಯಿ ತೆರೆದು ಒಂದು ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ, ಮೇಲೆ ಜನ ಇಲ್ಲದೆ ನೀವು ಇಳಿಯಬೇಡಿ. ಹಗೇವು ಒಬ್ಬನೇ ಬಳಸುವ ವಸ್ತುವೇ ಅಲ್ಲ.

ಬದುಕಿನ ವ್ಯವಸ್ಥೆ ಎಲ್ಲಾ ಒಟ್ಟಿಗೆ ಕುಸಿದು ಬೀಳುವುದು ಎಂದರೆ ಸಿನಿಮಾದ ಕತೆ ಎಂದು ನಿಮ್ಮ ಮನೆಯವರು ಹೇಳಿದರೆ ಧಾತು ವರ್ಷದ ಬರದ ವಿಷಯ ಹೇಳಿ. ಅದು 1876ರಿಂದ 1878. ಮೈಸೂರು ಸೀಮೆಯಲ್ಲಿ 1871ರ ಜನಗಣತಿಗೆ 50 ಲಕ್ಷಕ್ಕೂ ಜಾಸ್ತಿ ಜನ ಇದ್ದರು, 1881ರಲ್ಲಿ 42 ಲಕ್ಷವೂ ಇರಲಿಲ್ಲ. ದನಕರುಗಳೂ ರಾಶಿ ರಾಶಿ ಸತ್ತಿದ್ದವು. ಎತ್ತಿಲ್ಲದ ಮನೆಗೆ ಮಳೆ ಬಂದು ಏನು ಬಂತು?

ಎತ್ತಿನ ಮಾತು ಬಂತಲ್ಲ, ಕ್ಯೂಬಾದಲ್ಲೂ ಹಾಗೇ ಆಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದದ್ದೇ ತಡ, ಅವರಿಗೆ ಬರುತ್ತಿದ್ದ ಎಣ್ಣೆ, ಗೊಬ್ಬರ, ಬಿಡಿಭಾಗ ಎಲ್ಲಾ ಬಿದ್ದುಹೋಯಿತು. ಟ್ರ್ಯಾಕ್ಟರ್ ನಿಂತವು. ಮತ್ತೆ ಎತ್ತು ಹೂಡಬೇಕಾಯಿತು, ಆದರೆ ಎತ್ತು ಪಳಗಿಸುವುದು ಗೊತ್ತಿದ್ದವರು ಹಳೇ ರೈತರು ಮಾತ್ರ. ಅವರು ಇದ್ದರು ಎಂಬುದೇ ಅದೃಷ್ಟ. ಇನ್ನೊಂದು ವಿಷಯ, ನಿಮ್ಮ ಎರಡು ಕ್ವಿಂಟಾಲ್ ಅಕ್ಕಿಗೆ ಸಂಬಂಧಪಟ್ಟಿದ್ದು. 1992–93ರಲ್ಲಿ ಅಲ್ಲಿ ಸುಮಾರು 50,000 ಜನರಿಗೆ ಕಣ್ಣು ಮಂಜಾಯಿತು, ಕೈಕಾಲು ಜೋಮು ಹಿಡಿಯಿತು. ಊಟದಲ್ಲಿ ಬಿ ವಿಟಮಿನ್‌ಗಳು ಸಾಲದೇ ಹೋದದ್ದು ಮುಖ್ಯ ಕಾರಣ. ಕೊನೆಗೆ ಸರ್ಕಾರ ಇಡೀ ದೇಶಕ್ಕೆ ವಿಟಮಿನ್ ಮಾತ್ರೆ ಹಂಚಿತು. ಪಾಲಿಶ್ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ಪಕ್ಕದಲ್ಲಿ ಹುರುಳಿ, ಅವರೆ, ಬೇಲಿಗೊಂದು ನುಗ್ಗೆ ಇರಲಿ.

ನೀರಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ: 'ಬೋರ್ 800 ಅಡಿ, ಸೋಲಾರ್ ಇದೆ, ತೊಂದರೆ ಇಲ್ಲ.' ತೊಂದರೆ ಇರುವುದೇ ಅಲ್ಲಿ! ಮೋಟರ್ ಒಂದು ಸಲ ಸುಟ್ಟರೆ, ಸುತ್ತಿಕೊಡಲು ತಂತಿ ಇಲ್ಲದ ಕಾಲದಲ್ಲಿ, ಅಷ್ಟು ಆಳದ ನೀರನ್ನು ಯಾವ ಹ್ಯಾಂಡ್ ಪಂಪೂ ಎತ್ತುವುದಿಲ್ಲ. ನಿಮ್ಮ ಊರಿನ ಕೆರೆ ಹೇಗಿದೆ? ತೂಬು ಕೆಲಸ ಮಾಡುತ್ತಿದೆಯಾ? ನೀರುಗಂಟಿ ಮನೆತನದವರು ಯಾರಾದರೂ ಉಳಿದಿದ್ದಾರಾ, ಯಾವ ಗದ್ದೆಗೆ ಯಾವ ಸರದಿ ಎಂದು ಬಾಯಲ್ಲಿ ಇಟ್ಟುಕೊಂಡವರು? ಮೊದಲು ಅವರ ಮನೆಗೆ ಹೋಗಿ.

ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಮೂಟೆ ತರಿಸಿದ್ದೀರಂತೆ. ತಾಜಾ ಪುಡಿಯಾದರೆ 1,000 ಲೀಟರ್‌ಗೆ ಎರಡೂವರೆ ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಡಬೇಕು. ಆದರೆ ಗಾಳಿ, ಬೆಳಕು, ತೇವ ತಾಗಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಮೂಟೆ ಕಟ್ಟಿ ಅಟ್ಟದ ಮೇಲಿಟ್ಟರೆ ಬೇಕಾದ ದಿನ ಅದು ಬರೀ ಸುಣ್ಣ. ಅದಕ್ಕಿಂತ ಹಳೇ ಹತ್ತಿ ಸೀರೆ ಎತ್ತಿಡಿ. ತಮಾಷೆ ಅಲ್ಲ, ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ನಾಲ್ಕು ಪದರ ಮಡಿಸಿ ನೀರು ಸೋಸಿದಾಗ ಕಾಲರಾ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹೊಸ ಸೀರೆ ಆಗಲ್ಲ. ಒಗೆದೂ ಒಗೆದೂ ನೂಲು ಬಿಚ್ಚಿಕೊಂಡು ಸಂದು ಕಿರಿದಾದ ಸೀರೆಯೇ ಬೇಕು. ಸೋಸಿದ ಮೇಲೆ ಕುದಿಸಿದರೆ ಇನ್ನೂ ಒಳ್ಳೆಯದು. ಆಗಲೂ ಬೇಧಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಉಪ್ಪು ಜಾಸ್ತಿಯಾದರೆ ಅಪಾಯ.

ಪತ್ರದ ಕೊನೆಯಲ್ಲಿ ಕೋವಿ ಲೈಸೆನ್ಸ್ ಮಾಡಿಸಲೇ ಎಂದು ಕೇಳಿದ್ದೀರಿ. ಊರಿನವರೆಲ್ಲ ಹಸಿದು ನಿಮ್ಮ ಅಕ್ಕಿಗೆ ಬರುತ್ತಾರೆ ಎಂಬ ಲೆಕ್ಕ ತಾನೆ? ಕುಡುಗೋಲು ತಟ್ಟಿಕೊಡುವವರು, ಹೆರಿಗೆ ಮಾಡಿಸಿ ಗೊತ್ತಿರುವವರು, ಬೀಸೋ ಕಲ್ಲು ಕುಟ್ಟುವವರು ಎಲ್ಲ ಆ ಗುಂಪಿನಲ್ಲೇ ಇರುತ್ತಾರಲ್ಲ ಸ್ವಾಮಿ, ಅವರ ಕಡೆ ಕೋವಿ ತಿರುಗಿಸಿ ಕೂತರೆ ನಿಮ್ಮ ಕುಡುಗೋಲು ತಟ್ಟುವವರು ಯಾರು? ಆ ದುಡ್ಡಿನಲ್ಲಿ ಊರಿನ ಕುಲುಮೆಗೆ ಒಂದು ಹೊಸ ತಿದಿ ಮಾಡಿಸಿಕೊಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಆ ಪ್ಯಾಕೆಟ್‌ಗಳಲ್ಲಿ ಯಾವುದಾದರೂ ಒಂದನ್ನು ಒಡೆದು 100 ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಹರಡಿ ಸುರುಳಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗಲು ಬಿಡಬೇಡಿ, ನೀರು ನಿಲ್ಲಲೂ ಬಿಡಬೇಡಿ. ಎಂಟು ದಿನ ಬಿಟ್ಟು ಬಿಚ್ಚಿ ಎಷ್ಟು ಮೊಳೆತಿವೆ ಎಣಿಸಿ. ಪಕ್ಕದ ಮನೆಯವರ ಅವರೆ ಬೀಜವನ್ನೂ 100 ಕೇಳಿ ತಂದು ಇನ್ನೊಂದು ಬಟ್ಟೆಯಲ್ಲಿ ಸುತ್ತಿಡಿ. ಎರಡೂ ಲೆಕ್ಕ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ