ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಕಾಮಾಲೆ: ಎರಡೆರಡು ಸಲ ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಮ್ಮಂಗೆ 54 ವರ್ಷ. ಮೂರ್ನಾಲ್ಕು ತಿಂಗಳಿಂದ ಊಟ ಆದ್ಮೇಲೆ ಬಲಗಡೆ ಪಕ್ಕೆ ಕೆಳಗೆ ನೋವು, ಗ್ಯಾಸ್ಟ್ರಿಕ್ ಅಂದ್ಕೊಂಡು ಮಾತ್ರೆ ನುಂಗ್ತಾ ಇದ್ರು. ಹೋದ ವಾರ ಕಣ್ಣು ಹಳದಿ ಆಯ್ತು, ಮೈಯೆಲ್ಲ ಕಡಿತ. ಸ್ಕ್ಯಾನ್ ಮಾಡ್ಸಿದ್ರೆ ಪಿತ್ತಕೋಶದಲ್ಲಿ ಕಲ್ಲು, ಪಿತ್ತನಾಳದಲ್ಲೂ ಒಂದು ಕಲ್ಲು. ಮೊದ್ಲು ಇಆರ್‌ಸಿಪಿ (ಬಾಯಿಂದ ಪೈಪ್ ಇಳಿಸಿ ನಾಳದ ಕಲ್ಲು ತೆಗೆಯೋದು), ಆಮೇಲೆ ಪಿತ್ತಕೋಶ ತೆಗೆಯೋ ಆಪರೇಷನ್ ಅಂತಿದಾರೆ. ಎರಡೆರಡು ಸಲ ಯಾಕೆ ಅಂತ ಮನೇಲಿ ಎಲ್ರಿಗೂ ಅನುಮಾನ. ಚಿಕ್ಕಮ್ಮ ಬಾಳೆದಿಂಡಿನ ರಸ ಕುಡಿಸಿ ಅಂತಾರೆ, ಪಕ್ಕದೂರಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡೋರೂ ಇದಾರೆ. ಪಿತ್ತಕೋಶ ತೆಗೆದ್ರೆ ಊಟ ಜೀರ್ಣ ಆಗುತ್ತಾ?
- ಓದುಗರೊಬ್ಬರು, ಅರಸೀಕೆರೆ

ಉತ್ತರ: ಮೊದ್ಲು ಒಂದು ಮಾತು, ಅಮ್ಮನಿಗೆ ನಡುಕ ಬಂದು ಜ್ವರ ಏರಿದ್ರೆ ಈ ಉತ್ತರ ಪೂರ್ತಿ ಓದೋಕೂ ಕಾಯಬೇಡಿ, ರಾತ್ರಿ ಆಗಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಟ್ಟಿಕೊಂಡ ನಾಳದಲ್ಲಿ ಕೀವಾದ್ರೆ ಸೋಂಕು ಗಂಟೆಗಳಲ್ಲಿ ರಕ್ತಕ್ಕೆ ಸೇರುತ್ತೆ, ಜೀವಕ್ಕೇ ಅಪಾಯ.

ಎರಡು ಸಲ ಯಾಕಂದ್ರೆ ಕಲ್ಲು ಇರೋದು ಎರಡು ಜಾಗದಲ್ಲಿ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ, ಪಿತ್ತಕೋಶ ಅದನ್ನ ಕೂಡಿಟ್ಟು ಗಟ್ಟಿ ಮಾಡೋ ಸಣ್ಣ ಚೀಲ ಅಷ್ಟೇ. ಅಲ್ಲಿಂದ ಒಂದು ಕಲ್ಲು ಜಾರಿ ನಾಳಕ್ಕೆ ಅಡ್ಡ ಕೂತಿದೆ, ಪಿತ್ತರಸ ಕರುಳಿಗೆ ಇಳಿಯೋಕಾಗದೆ ರಕ್ತಕ್ಕೆ ಸೇರ್ತಿದೆ, ಕಣ್ಣು ಹಳದಿ ಆಗಿರೋದೂ ಮೈ ಕಡಿತಾನೂ ಅದರಿಂದಾನೇ. ಮೂತ್ರ ಕಡು ಬಣ್ಣಕ್ಕೆ ತಿರುಗಿದ್ಯಾ, ಮಲ ಸುಣ್ಣದ ಹಾಗೆ ಬಿಳಚಿಕೊಂಡಿದ್ಯಾ ಅಂತ ಅಮ್ಮನ್ನ ಕೇಳಿ ನೋಡಿ, ಹೆಂಗಸರು ಇದನ್ನ ತಾವಾಗೇ ಹೇಳೋದು ಕಡಿಮೆ.

ಇಆರ್‌ಸಿಪಿಯಲ್ಲಿ ಮಂಪರು ಬರೋಕೆ ಔಷಧಿ ಕೊಟ್ಟು, ಬಾಯಿಂದ ಕ್ಯಾಮೆರಾ ಪೈಪನ್ನ ಹೊಟ್ಟೆ ದಾಟಿಸಿ ಸಣ್ಣ ಕರುಳಿನ ಶುರುವಿಗೆ ಇಳಿಸ್ತಾರೆ. ಈ ಪೈಪಿನ ಕ್ಯಾಮೆರಾ ನೇರ ಮುಂದಕ್ಕೆ ಅಲ್ಲ, ಪಕ್ಕಕ್ಕೆ ನೋಡುತ್ತೆ, ಯಾಕಂದ್ರೆ ನಾಳದ ಬಾಯಿ ಕರುಳಿನ ಗೋಡೆಯಲ್ಲಿ ಸಣ್ಣ ಮೊಗ್ಗಿನ ಹಾಗೆ ಕಾಣೋದು. ಆ ಬಾಯನ್ನ ಕರೆಂಟಿನ ತಂತಿಯಿಂದ ಸ್ವಲ್ಪ ಅಗಲ ಮಾಡಿ, ಕಲ್ಲಿನ ಆಚೆ ಪುಟ್ಟ ಬಲೂನ್ ಉಬ್ಬಿಸಿ ಕೆಳಗೆ ಎಳೆದ್ರೆ ಕಲ್ಲು ಕರುಳಿಗೆ ಬಿದ್ದು ಮಲದ ಜೊತೆ ಹೋಗುತ್ತೆ. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ, ನೂರರಲ್ಲಿ ಮೂರರಿಂದ ಹತ್ತು ಜನಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತೆ, ಬಹಳಷ್ಟು ಜನಕ್ಕೆ ಕೆಲವೇ ದಿನದಲ್ಲಿ ಇಳಿಯುತ್ತೆ, ಕೆಲವರಿಗೆ ಮಾತ್ರ ಜೋರಾಗುತ್ತೆ.

ಇಷ್ಟಾದ್ರೂ ಚೀಲದಲ್ಲಿ ಕಲ್ಲು ಇದ್ದೇ ಇರುತ್ತಲ್ಲ, ಮತ್ತೆ ಜಾರಬಹುದು. ಅದಕ್ಕೇ ಆದಷ್ಟೂ ಅದೇ ಅಡ್ಮಿಷನ್‌ನಲ್ಲಿ, ಇಲ್ಲಾಂದ್ರೆ ಎರಡು ವಾರದೊಳಗೆ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿಬಿಡಿ. ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು, ಒಂದೆರಡು ದಿನಕ್ಕೆ ಮನೆ. ಹೊಸ ಪ್ರಯೋಗ ಅಂತ ಹೆದರಬೇಡಿ, ಮುಂಬೈನಲ್ಲಿ ಡಾ. ಉದ್ವಾಡಿಯಾ 1990ರಲ್ಲೇ ಮಾಡಿದ ಆಪರೇಷನ್ ಇದು. ಜೀರ್ಣಕ್ಕೆ ತೊಂದ್ರೆ ಇಲ್ಲ, ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡಿ ನೇರ ಕರುಳಿಗೇ ಬಿಡುತ್ತೆ. ಕೆಲವರಿಗೆ ಶುರುವಲ್ಲಿ ಭೇದಿ ಆಗೋದುಂಟು, ಸ್ವಲ್ಪ ದಿನ ಕರಿದಿದ್ದು ಕಮ್ಮಿ ಮಾಡಿದ್ರೆ ಸಾಕು.

ಚಿಕ್ಕಮ್ಮನವರ ಪ್ರೀತಿ ಅರ್ಥ ಆಗುತ್ತೆ, ಆದ್ರೆ ಬಾಳೆದಿಂಡು ನಮ್ಮ ಕಡೆ ಹೇಳೋದು ಕಿಡ್ನಿ ಕಲ್ಲಿಗೆ. ಇದು ಬೇರೆ ಕಲ್ಲು, ಬೇರೆ ದಾರಿ, ಕುಡಿದ ರಸ ಪಿತ್ತಕೋಶದ ಒಳಗೆ ಹೋಗೋದೇ ಇಲ್ಲ. ಸೊಪ್ಪಿನ ಔಷಧಿಗೆ ಹೆಸರು ಬಂದಿರೋದೂ ಹೀಗೇ, ವೈರಸ್‌ನಿಂದ ಬರೋ ಕಾಮಾಲೆ ಬಹಳಷ್ಟು ಜನಕ್ಕೆ ತಾನಾಗೇ ವಾಸಿಯಾಗುತ್ತೆ, ಹೆಸರು ಸೊಪ್ಪಿಗೆ ಹೋಗುತ್ತೆ. ಅಮ್ಮನದು ನಾಳ ಕಟ್ಟಿಕೊಂಡ ಕಾಮಾಲೆ, ದಯವಿಟ್ಟು ಸೊಪ್ಪಿನ ಔಷಧಿ ನಂಬಿ ವಾರಗಟ್ಟಲೆ ಕಳೀಬೇಡಿ.

ಇನ್ನೊಂದು, ಇಆರ್‌ಸಿಪಿ ವೇಳೆ ನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ಕೊಳವೆ) ಇಟ್ಟಿದ್ರೆ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರ್ತಾರೆ, ಸುಮಾರು ಮೂರು ತಿಂಗಳೊಳಗೆ ಅದನ್ನ ತೆಗೆಸಲೇಬೇಕು. ನೋವು ಹೋಯ್ತಲ್ಲ ಅಂತ ಮರೆತು, ಅದು ಕಟ್ಟಿಕೊಂಡು ಜ್ವರ ಕಾಮಾಲೆ ಜೊತೆ ವಾಪಸ್ ಬರೋರನ್ನ ನೋಡ್ತಾನೇ ಇರ್ತೀನಿ. ಸ್ಟೆಂಟ್ ತೆಗೆಸೋ ತಾರೀಖನ್ನ ಡಿಸ್ಚಾರ್ಜ್ ಆದ ದಿನವೇ ಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.