ಯಾರೂ 25ರಿಂದ 60ಕ್ಕೆ ಹೋಗಿದ್ದನ್ನು ನೋಡಿಲ್ಲ

ಪ್ರಶ್ನೆ: ಸರ್, ನನಗೀಗ 61. ನೆನಪಿನ ಶಕ್ತಿಯ ಪರೀಕ್ಷೆಯಲ್ಲಿ 25ರ ಹುಡುಗರಿಗಿಂತ 60 ದಾಟಿದವರು ತುಂಬಾ ಹಿಂದೆ ಬಿದ್ದರು ಅಂತ ಒಂದು ಸುದ್ದಿ ಓದಿದೆ. ಹಾಗಾದರೆ ನನ್ನ ನೆನಪು ವರ್ಷ ವರ್ಷ ಅಷ್ಟಷ್ಟು ಕಮ್ಮಿ ಆಗ್ತಾ ಬಂದಿದೆಯಾ? ಇನ್ನೊಂದು ಕಡೆ ‘ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ರೋಗದ ದರ’ ಅಂತ ಇತ್ತು. ಅದನ್ನು ಹೇಗೆ ಸರಿದೂಗಿಸುತ್ತಾರೆ?

ಉತ್ತರ: ಮೊದಲು ನಿಮ್ಮ ಗಾಬರಿಯ ವಿಷಯ. ಆ ಸುದ್ದಿಯಿಂದ ಹಾಗೆ ಹೇಳೋಕೆ ಬರೋದಿಲ್ಲ ಮೇಡಂ. ಅಲ್ಲಿ ಪರೀಕ್ಷೆ ಬರೆದ 25ರವರು ಬೇರೆ ಜನ, 60ರವರು ಬೇರೆ ಜನ. ಯಾರೊಬ್ಬರೂ 25ರಿಂದ 60ಕ್ಕೆ ಹೋಗಿದ್ದನ್ನು ಆ ಸಂಶೋಧಕರು ನೋಡಿಲ್ಲ. ಎರಡು ಗುಂಪಿನ ಶಾಲೆ ಬೇರೆ, ಚಿಕ್ಕಂದಿನ ಆರೋಗ್ಯ ಬೇರೆ, ಇಂಥ ಪರೀಕ್ಷೆಗಳ ರೂಢಿಯೂ ಬೇರೆ. ಇದಿಷ್ಟನ್ನೂ ವಯಸ್ಸಿನ ತಲೆಗೆ ಕಟ್ಟುವ ಸುದ್ದಿ ಕಂಡರೆ ನನಗೆ ರೇಗುತ್ತದೆ.

ಇದನ್ನು ಪಟ್ಟು ಹಿಡಿದು ಬಿಡಿಸಲು ಹೊರಟವರು ಮನಶ್ಶಾಸ್ತ್ರಜ್ಞ ವಾರ್ನರ್ ಶಾಯ್. 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಪರೀಕ್ಷಿಸಿದರು. ಆಮೇಲೆ 7 ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಕರೆದರು. ಗುಂಪುಗಳನ್ನು ಹೋಲಿಸಿದಾಗ ಇಳಿಕೆ ಬೇಗನೇ ಶುರುವಾದಂತೆ ಕಂಡಿತ್ತು. ಅದೇ ಜನರನ್ನು ಹಿಂಬಾಲಿಸಿದಾಗ ಹೆಚ್ಚಿನ ಸಾಮರ್ಥ್ಯಗಳು 60ರ ಆಸುಪಾಸಿನವರೆಗೂ ಗಟ್ಟಿಯಾಗೇ ಇದ್ದವು.

ಹಾಗಂತ ಹಿಂಬಾಲಿಸುವ ಅಧ್ಯಯನವೂ ಪೂರ್ತಿ ಸಾಚಾ ಅಲ್ಲ. ಎರಡನೇ ಸಲ ಬರುವವರು ಯಾರು? ಹೆಚ್ಚಾಗಿ ಆರೋಗ್ಯವಾಗಿರುವವರು, ಮೊದಲ ಸಲ ಚೆನ್ನಾಗಿ ಮಾಡಿದವರು. ಸೋತವರು, ಕಾಯಿಲೆ ಬಿದ್ದವರು ಜಾರಿಕೊಳ್ಳುತ್ತಾರೆ. ಬಂದವರಿಗೂ ಪ್ರಶ್ನೆಗಳ ಪರಿಚಯ ಆಗಿರುತ್ತದೆ. ಅದಕ್ಕೇ ಶಾಯ್ ಪ್ರತಿ ಸುತ್ತಿನಲ್ಲೂ ಹೊಸಬರನ್ನು ಸೇರಿಸಿಕೊಂಡು, ಹಳಬರ ಪಕ್ಕದಲ್ಲಿಟ್ಟು ನೋಡಿದರು. ಇಷ್ಟು ಮಾಡಿದರೂ ಒಂದು ಗಂಟು ಉಳಿಯುತ್ತದೆ. ಪರೀಕ್ಷೆಯ ಇಸವಿಯಲ್ಲಿ ಹುಟ್ಟಿದ ಇಸವಿ ಕಳೆದರೆ ವಯಸ್ಸು ಬರುತ್ತದೆ, ಅಲ್ವಾ? ಎರಡು ಗೊತ್ತಾದರೆ ಮೂರನೆಯದು ತಾನಾಗೇ ಗೊತ್ತು. ಹಾಗಾಗಿ ವಯಸ್ಸಿನ ಪಾಲೆಷ್ಟು, ಪೀಳಿಗೆಯ ಪಾಲೆಷ್ಟು, ಕಾಲದ ಪಾಲೆಷ್ಟು ಅಂತ ಬರೀ ಲೆಕ್ಕದಿಂದ ಬಿಡಿಸಲು ಆಗುವುದೇ ಇಲ್ಲ. ಹೊರಗಿನಿಂದ ಏನಾದರೊಂದು ಊಹೆ ತರಲೇಬೇಕು. ಒಳ್ಳೆಯ ಸಂಶೋಧಕರು ಆ ಊಹೆ ಯಾವುದೆಂದು ಬರೆದಿರುತ್ತಾರೆ.

ಇನ್ನು ಸರಿದೂಗಿಸುವ ಮಾತು. ಅದು ಇದಕ್ಕಿಂತ ಸಲೀಸು. ಎರಡು ಕಾಲ್ಪನಿಕ ಊರು ತಗೊಳ್ಳಿ, ಎರಡರಲ್ಲೂ 1000 ಜನ. ಎರಡು ಕಡೆಯೂ ಒಂದು ರೋಗ ಕಿರಿಯರಲ್ಲಿ 100ಕ್ಕೆ 1, ಹಿರಿಯರಲ್ಲಿ 100ಕ್ಕೆ 10. ಮೊದಲ ಊರಲ್ಲಿ 800 ಕಿರಿಯರು, 200 ಹಿರಿಯರು: ರೋಗಿಗಳು 28. ಎರಡನೆಯದರಲ್ಲಿ 300 ಕಿರಿಯರು, 700 ಹಿರಿಯರು: ರೋಗಿಗಳು 73. ಎರಡನೇ ಊರಲ್ಲೇ ಏನೋ ಕೆಡುಕಿದೆ ಅನಿಸುತ್ತದೆ. ಈಗ ಎರಡೂ ಊರಲ್ಲಿ 500 ಕಿರಿಯರು, 500 ಹಿರಿಯರು ಇದ್ದಿದ್ದರೆ ಅಂತ ಲೆಕ್ಕ ಹಾಕಿ. ಎರಡು ಕಡೆಯೂ 55! ಹೀಗೆ ಎಲ್ಲರಿಗೂ ಒಂದೇ ಅಳತೆಗೋಲು ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ 2000ರಿಂದ 2025ರವರೆಗಿನ ಜಗತ್ತಿನ ಸರಾಸರಿ ಜನಸಂಖ್ಯೆಯ ಮೇಲೆ ಒಂದು ಮಾದರಿ ಮಾಡಿಟ್ಟಿದೆ. ಆದರೆ ಆ 55 ಜನ ಯಾವ ಊರಲ್ಲೂ ಇಲ್ಲ, ನೆನಪಿರಲಿ. ಅದು ಹೋಲಿಕೆಗೆ ಮಾತ್ರ. ಎಷ್ಟು ಹಾಸಿಗೆ ಬೇಕು ಅಂತ ಆಸ್ಪತ್ರೆ ಕೇಳಿದರೆ 28, 73 ಅಂತಲೇ ಹೇಳಬೇಕು.

ನೀವು ಕೇಳದಿದ್ದರೂ ಒಂದು ಸೇರಿಸುತ್ತೇನೆ. ಎಷ್ಟೋ ಕಡೆ ಬರೆಸಿದ ವಯಸ್ಸೇ ಅಂದಾಜಿನದು. ಸಮೀಕ್ಷೆಯ ಕೋಷ್ಟಕಗಳ ಜೊತೆ ಕೆಲಸ ಮಾಡಿದವನು ನಾನು. ಹೊಸ ಕಡತ ಬಂದರೆ ಮೊದಲು ನೋಡುತ್ತಿದ್ದದ್ದು ವಯಸ್ಸಿನ ಕಾಲಂ. 39ರವರು ಬೆರಳೆಣಿಕೆ, 40ರವರು ದಂಡು, 41 ಮತ್ತೆ ಖಾಲಿ. ಇದನ್ನು ಅಳೆಯಲು ವಿಪ್ಪಲ್ ಸೂಚ್ಯಂಕ ಅಂತ ಇದೆ. 23ರಿಂದ 62ರವರೆಗಿನವರಲ್ಲಿ 0, 5ರಲ್ಲಿ ಮುಗಿಯುವ ವಯಸ್ಸು ಹೇಳಿದವರು ಎಷ್ಟು ಅಂತ ನೋಡುತ್ತಾರೆ. ಅಂಥ ಒಲವೇ ಇಲ್ಲದಿದ್ದರೆ 100, ಎಲ್ಲರೂ ಹಾಗೇ ಹೇಳಿದ್ದರೆ 500. ‘ವಯಸ್ಸೆಷ್ಟು’ ಅನ್ನುವ ಬದಲು ‘ಯಾವ ಇಸವಿಯಲ್ಲಿ ಹುಟ್ಟಿದ್ದು’ ಅಂತ ಕೇಳಿದರೆ, ಇಲ್ಲವೇ ಎಲ್ಲರಿಗೂ ನೆನಪಿರುವ ಘಟನೆಯ ಹೊತ್ತಿಗೆ ಎಷ್ಟು ದೊಡ್ಡವರಿದ್ದಿರಿ ಅಂದರೆ ಸ್ವಲ್ಪ ಸುಧಾರಿಸುತ್ತದೆ. ನೀವು 61 ಅಂತ ಬರೆದಿದ್ದೀರಿ, 60 ಅನ್ನಲಿಲ್ಲ. ನಿಮ್ಮಂಥವರು ಸಿಕ್ಕರೆ ನಮ್ಮ ಕೆಲಸ ಹಗುರ.

ಸುದ್ದಿಯ ತುಣುಕು ಇನ್ನೂ ಇದ್ದರೆ ಕಳಿಸಿ. ಅದೇ ಜನರನ್ನು ಎರಡನೇ ಸಲ ಕರೆದಿದ್ದರೋ ಇಲ್ಲವೋ, ನೋಡಿ ಹೇಳುತ್ತೇನೆ.