ಕಾರಿನ ಬೆನ್ನು ಹತ್ತಬೇಡ, ಅದು ನಿಧಾನ ಆಗುವ ಜಾಗ ಹಿಡಿ

ತಮ್ಮಾ, ದಾರಿಯಲ್ಲಿ ಕಂಡ ಅಪರೂಪದ ಕಾರುಗಳ ಫೋಟೋ ಹಾಕುವ ನಮ್ಮ ಈ ಗುಂಪಿನಲ್ಲಿ ನೀನು ನಿನ್ನೆ ಹಾಕಿದ ವಿಡಿಯೋ ನೋಡಿದೆ. ಕಾರವಾರದ ಹತ್ತಿರ ಬಿಣಗಾ ದಾಟಿ ಅರಗಾ ಕಡೆ ಹೊರಟಿದ್ದ ಹಸಿರು ಪೋರ್ಷೆಯ ಬೆನ್ನು ಹತ್ತಿ, ಸ್ಕೂಟರ್ ಓಡಿಸುತ್ತಾ ಒಂದೇ ಕೈಯಲ್ಲಿ ತೆಗೆದದ್ದು. ಕಾರು ಕಂಡದ್ದು ಎರಡು ಸೆಕೆಂಡ್, ಅದೂ ಮಸುಕು. ಕೆಳಗೆ "ಇದು 911 ಜಿಟಿ3 ಅಲ್ವಾ? ಜೂಮ್ ಚೆನ್ನಾಗಿರುವ ಫೋನ್ ಯಾವುದು ತಗೊಳ್ಳಲಿ?" ಅಂತ ಕೇಳಿದ್ದೀಯ. ಕಾರಿನ ಹೆಸರು, ಫೋನ್ ವಿಷಯ ಆಮೇಲೆ. ಮೊದಲು ಈ ಬೆನ್ನು ಹತ್ತುವುದನ್ನು ಬಿಡು.

ನಾನೂ ಇದನ್ನೇ ಮಾಡಿದವನು. ಒಂದು ಮಳೆಗಾಲದಲ್ಲಿ ಅವರ್ಸಾದಿಂದ ಬಿಳಿ ನಿಸ್ಸಾನ್ ಜಿಟಿ-ಆರ್ ಒಂದರ ಹಿಂದೆ ಬೈಕ್ ಬಿಟ್ಟು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದು ಬಿದ್ದೆ. ಮಂಡಿ ಕಿತ್ತುಹೋಯಿತು. ಕುಂಟುತ್ತಾ ಅಂಕೋಲೆಗೆ ಬಂದರೆ ಅದೇ ಕಾರು ಮೀನೂಟದ ಹೋಟೆಲ್ ಎದುರು ನಿಂತಿತ್ತು. ನಾಲ್ಕು ಲೇನ್ ರಸ್ತೆಯಲ್ಲಿ ಅವರನ್ನು ಹಿಡಿಯುವುದು ನಮ್ಮಿಂದ ಆಗುವ ಕೆಲಸ ಅಲ್ಲ, ಹಿಡಿಯುವ ಅಗತ್ಯವೂ ಇಲ್ಲ. ಎಂಥ ಕಾರಾದರೂ ನಮ್ಮ ಜಿಲ್ಲೆಯಲ್ಲಿ ಕೆಲವು ಕಡೆ ನಿಧಾನ ಆಗಲೇಬೇಕು. ಅಲ್ಲಿ ಮೊದಲೇ ಹೋಗಿ ನಿಲ್ಲು.

ಇನ್ನೊಂದು, ಅರಗಾದಲ್ಲಿ ಫೋನ್ ಹೊರಗೆ ತೆಗೆಯಲೇಬೇಡ. ಅಲ್ಲಿರುವುದು ಐಎನ್‌ಎಸ್ ಕದಂಬ, ನೌಕಾನೆಲೆ. ಗೋಡೆಯ ಮೇಲೆ ಫೋಟೋ ನಿಷೇಧ ಅಂತ ಬರೆದಿದ್ದಾರೆ. ನೀನು ಕಾರು ತೆಗೆಯುತ್ತಿದ್ದೀಯೋ ಗೇಟು ತೆಗೆಯುತ್ತಿದ್ದೀಯೋ ಕಾವಲಿನವರಿಗೆ ಹೇಗೆ ಗೊತ್ತಾಗಬೇಕು? ಆ ವಿಡಿಯೋ ಅಳಿಸಿಬಿಡು. ಅಡ್ಮಿನ್ ಹೇಳುವವರೆಗೆ ಕಾಯಬೇಡ.

ಈಗ ಜಾಗದ ಮಾತು. ನನ್ನ ನೆಚ್ಚಿನದು ಅಂಕೋಲೆ ಹತ್ತಿರದ ಬಾಳೆಗುಳಿ ಕ್ರಾಸ್. ಎಲ್ಲರೂ ಕಾರವಾರದ ಬೀಚ್ ರಸ್ತೆಯಲ್ಲೇ ಯಾಕೆ ನಿಲ್ಲುತ್ತಾರೋ ನನಗೆ ತಿಳಿಯುವುದಿಲ್ಲ. ಬೆಂಗಳೂರಿನಿಂದ ಗೋವಾಕ್ಕೆ ಹೊರಡುವ ದೊಡ್ಡ ಕಾರುಗಳಲ್ಲಿ ಒಂದಷ್ಟು ಹುಬ್ಬಳ್ಳಿಯಿಂದ ಬೆಳಗಾವಿ, ಚೋರ್ಲಾ ಕಡೆ ಹೋಗುತ್ತವೆ. ಉಳಿದವು ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಎನ್‌ಎಚ್ 52ರಲ್ಲಿ ಬಂದು ಬಾಳೆಗುಳಿಯಲ್ಲಿ ಎನ್‌ಎಚ್ 66 ಸೇರುತ್ತವೆ. ಮಂಗಳೂರು, ಉಡುಪಿ ಕಡೆಯಿಂದ ಬರುವವೂ ಇದೇ ಜಾಗ ದಾಟಬೇಕು. ಎರಡೂ ದಾರಿಯ ಗಾಡಿ ಒಂದೇ ಕಡೆ ಸಿಗುತ್ತದೆ. ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿ ಬೇಸತ್ತು ಬಂದವರು ಕ್ರಾಸ್‌ನಲ್ಲಿ ತಿರುಗುವಾಗ ಮೆಲ್ಲಗೆ ತಿರುಗುತ್ತಾರೆ. ಆಮೇಲೆ ಮುಂದೆ ರಸ್ತೆ ಖಾಲಿ ಕಂಡು ಎಕ್ಸಲರೇಟರ್ ಒತ್ತುತ್ತಾರೆ. ಅಂದರೆ ಮೊದಲು ಫೋಟೋ, ಕೂಡಲೇ ಸೌಂಡ್, ಎರಡೂ ನಿಂತಲ್ಲೇ.

ಹೊತ್ತು ಲೆಕ್ಕ ಹಾಕುವುದು ಸುಲಭ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿಲೋಮೀಟರ್, ಅಲ್ಲಿಂದ ಅಂಕೋಲೆಗೆ 140ರ ಹತ್ತಿರ. ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟವರು, ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ತಿಂಡಿ ತಿಂದು, ಹನ್ನೊಂದೂವರೆಯಿಂದ ಎರಡರ ಒಳಗೆ ಬಾಳೆಗುಳಿ ದಾಟುತ್ತಾರೆ. ಶನಿವಾರಕ್ಕಿಂತ ಶುಕ್ರವಾರ ಒಳ್ಳೆಯದು. ಸಾಲು ರಜೆ ಬಂದರೆ ಗುರುವಾರವೂ ಹೋಗು. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆ ಸೀಸನ್, ಡಿಸೆಂಬರ್ ಕೊನೇ ವಾರವಂತೂ ಊಟ ಬಿಟ್ಟು ನಿಲ್ಲಬಹುದು. ಆದರೆ ಕ್ರಾಸ್‌ನ ನಡುವಿನ ಕಟ್ಟೆಯ ಮೇಲೆ ಹತ್ತಿ ನಿಲ್ಲಬೇಡ. ಲಾರಿಯವರಿಗೆ ನೀನು ಕಾಣುವುದಿಲ್ಲ. ಗೂಡಂಗಡಿಯ ಪಕ್ಕ ನಿಲ್ಲು, ಒಂದು ಸೋಡಾ ಕುಡಿ, ಅಂಗಡಿಯವರ ಹತ್ತಿರ ಮಾತಾಡು. ಅವರು ನಿನಗಿಂತ ಮೊದಲು ಸೌಂಡ್ ಗುರುತಿಸುತ್ತಾರೆ.

ಗೋವಾದಿಂದ ವಾಪಸ್ ಬರುವವರಿಗೆ ಗಡಿಯ ಮಾಜಾಳಿ ಚೆಕ್‌ಪೋಸ್ಟ್. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಬಾಟಲಿ ತಪಾಸಣೆಗೆ ಎಲ್ಲರೂ ನಿಧಾನ ಮಾಡಲೇಬೇಕು. ಪೊಲೀಸರು, ಅಬಕಾರಿಯವರು ಫ್ರೇಮಿನೊಳಗೆ ಬರದಂತೆ ನೋಡಿಕೋ, ತಪಾಸಣೆ ನಡೆಯುವಾಗ ಕ್ಯಾಮೆರಾ ಎತ್ತಬೇಡ. ಸ್ವಲ್ಪ ಈಚೆ ಬಂದು ನಿಲ್ಲು. ಹಟ್ಟಿಕೇರಿ ಟೋಲ್ ಕೂಡ ಹಾಗೇ, ಬೂತ್ ಹತ್ತಿರ ಸುಳಿಯದೆ ದಾಟಿದ ಮೇಲಿನ ಜಾಗ ಹಿಡಿ.

ಕಾರವಾರದ ಪೆಟ್ರೋಲ್ ಬಂಕ್‌ಗಳಲ್ಲಿ ಕಾಯುವುದು ಸುಮ್ನೆ ಹೊತ್ತು ಹಾಳು. ಗೋವಾದಲ್ಲಿ ಪೆಟ್ರೋಲ್ ಅಗ್ಗ ಅಂತ ನಾವೇ ಗಡಿಯಾಚೆಯ ಪೋಳೆಂಗೆ ಹೋಗಿ ಟ್ಯಾಂಕ್ ತುಂಬಿಸಿ ಬರುತ್ತೇವೆ, ಇನ್ನು ಲೀಟರಿಗೆ ಐದಾರು ಕಿಲೋಮೀಟರ್ ಕೊಡುವ ಗಾಡಿಯವರು ಬಿಡುತ್ತಾರಾ? ಹೋಗುವಾಗ ತಡೆದು ತಡೆದು ಅಲ್ಲಿಗೇ ಹೋಗಿ ಹಾಕಿಸುತ್ತಾರೆ, ಬರುವಾಗ ಅಲ್ಲೇ ತುಂಬಿಸಿ ಬರುತ್ತಾರೆ. ಪೋಳೆಂ ಬಂಕ್‌ಗಳ ಎದುರು ನಿಂತರೆ ಕಾರು ಕೆಲವು ನಿಮಿಷ ಅಲುಗಾಡದೆ ಸಿಗುತ್ತದೆ. ಬಂಕ್ ಒಳಗೆ ಮಾತ್ರ ಫೋನ್ ಬೇಡ.

ಬೆಳಕಿನ ವಿಷಯ ಇಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮ ಹೆದ್ದಾರಿ ಹೆಚ್ಚುಕಡಿಮೆ ಉತ್ತರ ದಕ್ಷಿಣ. ಬೆಳಿಗ್ಗೆ ಬಿಸಿಲು ಘಟ್ಟದ ಕಡೆಯಿಂದ, ಸಂಜೆ ಸಮುದ್ರದ ಕಡೆಯಿಂದ. ಬೆಳಿಗ್ಗೆ ರಸ್ತೆಯ ಪೂರ್ವಕ್ಕೆ ನಿಂತರೆ ಬಿಸಿಲು ನಿನ್ನ ಬೆನ್ನಿಗೆ, ಗೋವಾದಿಂದ ವಾಪಸ್ ಬರುವ ಲೇನ್ ನಿನ್ನ ಹತ್ತಿರ. ಮೂರು ಗಂಟೆ ಮೇಲೆ ಪಶ್ಚಿಮಕ್ಕೆ ದಾಟಿಕೋ, ಆಗ ಗೋವಾಕ್ಕೆ ಹೋಗುವ ಲೇನ್ ಹತ್ತಿರ. ನೀನು ಹಾಕುವ ಹಳೇ ಫೋಟೋಗಳಲ್ಲೆಲ್ಲ ಕಾರು ಕಪ್ಪು, ಆಕಾಶ ಬಿಳಿ. ಅದು ಫೋನಿನ ತಪ್ಪಲ್ಲ, ನಿಂತ ಬದಿ ತಪ್ಪು.

ಫೋನ್ ಯಾವುದಾದರೂ ಸರಿ. ಜೂಮ್‌ಗೆ ದುಡ್ಡು ಸುರಿಯಬೇಡ, ಹತ್ತಿರ ನಿಂತರೆ ಜೂಮ್ ಬೇಕಾಗುವುದಿಲ್ಲ. ಸೆಕೆಂಡಿಗೆ 60 ಫ್ರೇಮಿನ ವಿಡಿಯೋ ತೆಗೆದು ಅದರಿಂದ ಒಂದು ಚಿತ್ರ ಆರಿಸು. ನಮ್ಮಲ್ಲಿ ಗಾಳಿಯಲ್ಲೇ ಉಪ್ಪು, ಲೆನ್ಸ್ ಮೇಲೆ ತೆಳ್ಳಗೆ ಕೂರುತ್ತದೆ. ಪ್ರತಿ ಸಲ ಹತ್ತಿ ಬಟ್ಟೆಯಿಂದ ಒರೆಸು, ಅಂಗಿ ತುದಿಯಿಂದ ಬೇಡ. ಕಾರವಾರದ ಸುರಂಗದಲ್ಲಿ ತೆಗೆದ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಬರುತ್ತದೆ ಅಂತ ಹಲವರು ಕೇಳುತ್ತಾರೆ. ನಮ್ಮ ಕರೆಂಟ್ 50 ಹರ್ಟ್ಸ್. ಶಟರ್ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ಸುರಂಗದೊಳಗೆ ಗಾಡಿ ನಿಲ್ಲಿಸುವುದು ಮಾತ್ರ ಬೇಡ. ಪಕ್ಕದ ಸೀಟಿನಲ್ಲಿ ಕೂತು ತೆಗೆದರೆ ಸರಿ.

ಇನ್ನು ನಿನ್ನ ಕಾರು. ಪೋರ್ಷೆ 911 ಹೌದು, ಆದರೆ ಅದರ ರೇಸಿಗೆ ಹತ್ತಿರದ ಜಿಟಿ3 ಮಾದರಿ ಅಲ್ಲ. ಜಿಟಿ3ಗೆ ಸೈಲೆನ್ಸರ್ ಪೈಪ್ ಎರಡೂ ಬಂಪರ್ ನಡುವೆ ಜೋಡಿಯಾಗಿ ಇರುತ್ತವೆ, ಟೂರಿಂಗ್ ಅನ್ನುವ ಮಾದರಿ ಬಿಟ್ಟರೆ ದೊಡ್ಡ ರೆಕ್ಕೆ ಇದ್ದೇ ಇರುತ್ತದೆ. ನಿನ್ನ ವಿಡಿಯೋದಲ್ಲಿ ಎರಡೂ ಇಲ್ಲ. ಹಿಂದೆ ಆ ಬದಿಯಿಂದ ಈ ಬದಿವರೆಗೆ ಕೆಂಪು ಲೈಟಿನ ಪಟ್ಟಿ ಕಾಣುತ್ತದೆ. ಈಗಿನ 992 ಪೀಳಿಗೆಯಲ್ಲಿ ಎಲ್ಲ 911ಕ್ಕೂ ಆ ಪಟ್ಟಿ ಇದೆ, ಹಿಂದಿನ 991ರಲ್ಲಿ ನಾಲ್ಕು ಚಕ್ರಕ್ಕೂ ಪವರ್ ಹೋಗುವ ಕೆಲವು ಕಾರುಗಳಿಗೆ ಮಾತ್ರ ಇತ್ತು. ಸೌಂಡ್ ಕೂಡ ಹೇಳುತ್ತದೆ. ಜಿಟಿ3 ಟರ್ಬೋ ಇಲ್ಲದ 4 ಲೀಟರ್ ಎಂಜಿನ್, 9,000 ಆರ್‌ಪಿಎಂ ತನಕ ಏರುತ್ತದೆ. ನಿನ್ನದು ಗೇರ್ ಬದಲಿಸುವಾಗ ಉಸ್ ಅನ್ನುತ್ತದೆ, ಟರ್ಬೋ. 911ರ ಮಾಮೂಲಿ ಮಾದರಿ ಕರೇರಾ ಇರಬೇಕು. ಅದೇನು ಕಡಿಮೆ ಕಾರಲ್ಲ. ನನ್ನ ಕೇಳಿದರೆ ಹತ್ತು ಲ್ಯಾಂಬೊರ್ಗಿನಿ ಉರುಸ್‌ಗಿಂತ ಒಂದು ಕರೇರಾ ಮೇಲು. ಉರುಸ್ ಫೋಟೋ ಈ ಗುಂಪಿನಲ್ಲಿ ಸಾಕಷ್ಟಾಗಿದೆ.

ಬ್ಯಾಡ್ಜ್ ನಂಬಬೇಡ. ಇದನ್ನು ಎಷ್ಟು ಸಲ ಹೇಳಿದರೂ ವಾರಕ್ಕೊಬ್ಬರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ಅಂತ ಹಾಕುತ್ತಾರೆ. ಇಲ್ಲಿ ಮಾರಿದ ಆ ಜಿಟಿಐಗೆ ಮೂರೇ ಬಾಗಿಲು, 1.8 ಲೀಟರ್ ಟಿಎಸ್‌ಐ ಎಂಜಿನ್, 192 ಪಿಎಸ್ ಶಕ್ತಿ. 2016ರಲ್ಲಿ ತಂದದ್ದು 99 ಕಾರು ಮಾತ್ರ. ಹಿಂದಿನ ಸೀಟಿಗೆ ಬೇರೆ ಬಾಗಿಲು ಇದ್ದರೆ ಮುಗಿಯಿತು, ಅದು ಅಂಗಡಿಯಲ್ಲಿ ಕೊಂಡು ಅಂಟಿಸಿದ ಬ್ಯಾಡ್ಜ್. ಬಿಎಂಡಬ್ಲ್ಯು ಪಕ್ಕದಲ್ಲಿ ಎಂ ಅಂತ ಇದ್ದ ಮಾತ್ರಕ್ಕೆ ಎಂ3 ಅಲ್ಲ. ನಾಲ್ಕು ಪೈಪ್ ನೋಡು, ಕನ್ನಡಿಯ ಆಕಾರ ನೋಡು. ಹೆಸರು ಬರೆಯುವ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಡೆಲ್ ನೋಡುವುದು ಒಳ್ಳೆಯ ಅಭ್ಯಾಸ. ಆಮೇಲೆ ನಂಬರ್ ಮುಚ್ಚಿ ಪೋಸ್ಟ್ ಮಾಡು. ಕಾರು ಇನ್ನೂ ನಿಂತಿರುವಾಗಲೇ ಜಾಗ ಬರೆಯಬೇಡ. ಅವರು ಹೆಂಡತಿ ಮಕ್ಕಳ ಜೊತೆ ಬಂದಿರುತ್ತಾರೆ.

ನಂಬರ್ ಪ್ಲೇಟ್‌ನಲ್ಲೂ ತುಂಬಾ ವಿಷಯ ಇದೆ. ಪಿವೈ (ಪುದುಚೇರಿ), ಜೆಎಚ್ (ಜಾರ್ಖಂಡ್), ಡಿಡಿ (ದಮನ್, ದಿಯು ಕಡೆಯದು) ಕಂಡರೆ ಕಣ್ಣು ಅರಳಿಸು. ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಹಾಗಾಗಿ ತೆರಿಗೆ ಕಡಿಮೆ ಇರುವ ಕಡೆ ನೋಂದಾಯಿಸಿದ ದುಬಾರಿ ಕಾರುಗಳು ಜಾಸ್ತಿ. ಆದರೆ ಕಾಮೆಂಟ್‌ನಲ್ಲಿ ಕಳ್ಳ ಅಂತೆಲ್ಲ ಬರೆಯಬೇಡಿ, ಯಾರು ಎಲ್ಲಿ ವಾಸ ಇದ್ದಾರೆ ನಮಗೇನು ಗೊತ್ತು? ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರದ ಜಿಎ ಅಂದರೆ ಗೋವಾದ ಬಾಡಿಗೆ ಗಾಡಿ. ಎಷ್ಟು ಅಲಂಕಾರ ಮಾಡಿದ್ದರೂ ಆ ಥಾರ್ ಇಲ್ಲಿ ಹಾಕಬೇಡಿ.

ವಿದೇಶಿ ಪ್ಲೇಟ್ ಬೇಕಾದರೆ ಭಟ್ಕಳ ಮತ್ತು ಗೋಕರ್ಣ. ಭಟ್ಕಳದವರು ಗಲ್ಫ್‌ನಲ್ಲಿ ಹೆಚ್ಚು, ರಜೆಗೆ ಅಲ್ಲಿಯ ಗಾಡಿಯನ್ನೇ ಕಾರ್ನೆಟ್ (ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ಗಾಡಿ ತರುವ ಪತ್ರ) ಮೇಲೆ ತರುವವರು ಇದ್ದಾರೆ. ಎಡಗಡೆ ಸ್ಟೇರಿಂಗ್ ನೋಡಿದರೆ ಗೊತ್ತಾಗುತ್ತದೆ. ಗೋಕರ್ಣದಲ್ಲಿ ಚಳಿಗಾಲಕ್ಕೆ ಯುರೋಪಿನಿಂದ ರಸ್ತೆಯಲ್ಲೇ ಬಂದ ಕ್ಯಾಂಪರ್ ವ್ಯಾನ್, ಹಳೇ ಬೆಂಜ್ ಟ್ರಕ್ ಸಿಗುತ್ತವೆ. ದಿನಗಟ್ಟಲೆ ಒಂದೇ ಕಡೆ ನಿಂತಿರುತ್ತವೆ, ಅವಸರ ಬೇಡ. ಅದು ಅವರ ಮನೆ, ಹಾಗಾಗಿ ಕಿಟಕಿಯಲ್ಲಿ ಇಣುಕುವ ಮೊದಲು ಕರೆದು ಕೇಳು. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಪೋರ್ಷೆಯವರೂ ಅಷ್ಟೇ, ಕೇಳಿದವರಿಗೆ ಬೇಡ ಅನ್ನುವವರು ಕಡಿಮೆ. ಆದರೆ "ಸಾರ್, ಒಂದ್ಸಲ ರೇಸ್ ಮಾಡಿ" ಅಂತ ಕಾಡಬೇಡ. ತಣ್ಣಗಿರುವ ಎಂಜಿನ್ ಹಾಗೆ ಎಳೆಯಬಾರದು, ಆಯಿಲ್ ಬಿಸಿಯಾಗಬೇಕು.

ಕೊನೆಗೆ ಶಿರಸಿ, ಸಿದ್ದಾಪುರದವರಿಗೆ ಒಂದು ಮಾತು. "ನಮ್ಮಲ್ಲಿ ಏನೂ ಬರಲ್ಲ" ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಘಟ್ಟದ ಮೇಲೆ ಲ್ಯಾಂಬೊರ್ಗಿನಿ ಬರುವುದು ಕಡಿಮೆ ನಿಜ. ಆದರೆ ತೋಟದ ಮನೆಗಳ ಕೊಟ್ಟಿಗೆ ಪಕ್ಕದಲ್ಲಿ ಟಾರ್ಪಾಲಿನ ಕೆಳಗೆ ಏನಿದೆ ನೋಡಿದ್ದೀರಾ? ಇಸುಜು 1.8 ಎಂಜಿನ್ನಿನ ಕಂಟೆಸ್ಸಾ, ಪ್ರೀಮಿಯರ್ 118 ಎನ್‌ಇ, ಸ್ಟ್ಯಾಂಡರ್ಡ್ 2000. ನನಗೆ ಅವು ಲ್ಯಾಂಬೊರ್ಗಿನಿ ಹುರಾಕಾನ್‌ಗಿಂತ ಅಪರೂಪ. ಹುರಾಕಾನ್ ದುಡ್ಡು ಕೊಟ್ಟರೆ ಸೆಕೆಂಡ್ ಹ್ಯಾಂಡ್ ಆದರೂ ಸಿಗುತ್ತದೆ. ಮಳೆಗಾಲದಲ್ಲಿ ಟಾರ್ಪಾಲ್ ಬಿಗಿಯಾಗಿ ಕಟ್ಟಬೇಡಿ, ಒಳಗೆ ತೇವ ನಿಂತು ತಳ ತಿನ್ನುತ್ತದೆ. ಗಾಳಿ ಆಡಲಿ. 50 ವರ್ಷ ದಾಟಿದ ಗಾಡಿ ಇದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು. 2021ರಲ್ಲಿ ಬಂದ ನಿಯಮ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಎಂವೈ ಅಂತ ಶುರುವಾಗುವ, ಮೈಸೂರು ರಾಜ್ಯದ ಹೆಸರಿನ ಹಳೇ ಪ್ಲೇಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಇದೆಲ್ಲಕ್ಕಿಂತ ನನಗೆ ಬೇಕಾಗಿರುವುದು ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲೇ ತಯಾರಾದ ಕಾರು, ಫೈಬರ್ ಬಾಡಿ, 848 ಸಿಸಿ, ಎರಡು ಬಾಗಿಲು. ಬಾಡಿ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಎಲ್ಲಾದರೂ ಒಂದು ಉಳಿದಿರಲೇಬೇಕು. ಹುಲ್ಲಿನ ಮನೆಯಲ್ಲೋ ಅಡಿಕೆ ಅಟ್ಟದ ಕೆಳಗೋ ಕಂಡರೆ ಫೋಟೋ ಹಾಕಿ, ಮಸುಕಾಗಿದ್ದರೂ ಪರವಾಗಿಲ್ಲ. ನಾನು ಬಂದು ನೋಡುತ್ತೇನೆ.